ಜುಬಾಕ್ಕೆ ಹೊರಟ ಲಿಂಗ

ಠಾಣೆ ಸ್ಟೇಷನ್ನಿನಲ್ಲಿ ಇಳಿದು ವಾಶಿಯ ಲೋಕಲ್ ಹತ್ತುವಾಗ ಅಂಗಿಯೊಳಗಿನ, ಲಿಂಗ ಇಡುವ ಎರಡು ಬೆಳ್ಳಿ ಕರಡಿಗೆಗಳು ಒಂದಕ್ಕೊಂದು ಬಡಿದು ಟಕ್ ಎಂದವು. ಯಾರಿಗಾದರೂ ಕೇಳಿಸಿತೇ ಎಂದು ವೀರಭದ್ರಪ್ಪ ಸುತ್ತ ಕಣ್ಣಾಡಿಸಿದ. ಭಾನುವಾರದ ಗದ್ದಲದಲ್ಲಿ ಒಬ್ಬರ ಎದೆಯ ಸದ್ದು ಇನ್ನೊಬ್ಬರಿಗೆ ಎಲ್ಲಿಂದ ಕೇಳಬೇಕು. ದೀಪಾವಳಿಗೆ ಒಂದು ವಾರವಿತ್ತು, ಎಲ್ಲರ ಕೈಯಲ್ಲೂ ಬಟ್ಟೆಯಂಗಡಿಯ ಚೀಲಗಳಿದ್ದವು. ಅವನ ಕೈಯಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ನಲವತ್ತು ಕಟಕ್ ರೊಟ್ಟಿಗಳಿದ್ದವು. ಮುರಿದಾವೆಂದು ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಒಂದು ಮೈಗೆ ಒಂದೇ ಲಿಂಗ, ಅದು ಅವನಿಗೆ ಗೊತ್ತು. ಎಂಟನೆಯ ವಯಸ್ಸಿನಲ್ಲಿ ಊರ ಮಠದ ಅಯ್ಯನವರು ಎಡಗೈಯ ಮೇಲೆ ಇಟ್ಟ ಕಪ್ಪು ಕಂತಿ ಬಳಿದ ಆ ಲಿಂಗದ ಉಂಡೆಯನ್ನು ಅವನು ಐವತ್ಮೂರನೆಯ ವಯಸ್ಸಿನ ತನಕ ಒಂದು ದಿನವೂ ಮೈಬಿಟ್ಟು ಇಟ್ಟವನಲ್ಲ. ಎರಡನೆಯದು ಬೆಳಿಗ್ಗೆಯಿಂದ ಪಕ್ಕೆಗೆ ಒತ್ತುತ್ತಿತ್ತು, ತನ್ನದಲ್ಲದ ಚಪ್ಪಲಿ ಮೆಟ್ಟಿಕೊಂಡು ಹೊರಟ ಹಾಗೆ. ಅದು ಚನ್ನುವಿನದು. ಚನ್ನು ಅವನ ಮಗ, ಸೈನ್ಯದಲ್ಲಿ ನಾಯಕ್ ದರ್ಜೆಯವನು, ಎಂಟು ತಿಂಗಳಿಂದ ಶಾಂತಿಪಡೆಯ ನೀಲಿ ಟೋಪಿ ಹಾಕಿಕೊಂಡು ದಕ್ಷಿಣ ಸುಡಾನಿನ ಜುಬಾ ಎಂಬ ಊರಲ್ಲಿ, ಯಾರದೋ ಜಗಳದ ನಡುವೆ ಶಾಂತಿ ಕಾಯುತ್ತ ಇದ್ದ. ಅವನ ಎದೆಯ ಮೇಲೆ ಲಿಂಗ ಇರಲಿಲ್ಲ.

ಅರ್ಧ ತಾಸಿನಲ್ಲಿ ಜೇಬಿನ ಫೋನು ಮೂರು ಸಲ ನಡುಗಿತು. ಮೂರು ಸಲವೂ ಮನೆಯಿಂದ. ಅವನು ಎತ್ತಲಿಲ್ಲ. ಎತ್ತಿದರೆ ಹೆಂಡತಿ ಮಹಾದೇವಕ್ಕ ಕೇಳುವುದೇನೆಂದು ಅವನಿಗೆ ಗೊತ್ತಿತ್ತು. ಮಗ ಹೋದಂದಿನಿಂದ ಅವಳು ಸ್ನಾನ ಮಾಡಿ ತನ್ನ ಲಿಂಗಕ್ಕೆ ನೀರೆರೆದ ಮೇಲೆ ದೇವರ ಜಗಲಿಯ ಮೇಲಿನ ಚನ್ನುವಿನ ಕರಡಿಗೆಯನ್ನೂ ಬಿಚ್ಚಿ ಅಂಗೈ ಮೇಲಿಟ್ಟು ನೀರೆರೆದು, ವಿಭೂತಿ ಹಚ್ಚಿ, ಮುಚ್ಚಿ ಇಡುತ್ತಿದ್ದಳು. ಈ ಬೆಳಿಗ್ಗೆ ಅವಳು ಬಚ್ಚಲಿನಲ್ಲಿದ್ದಾಗ ಅವನು ಅದನ್ನು ಎತ್ತಿಕೊಂಡ. ಕಲ್ಯಾಣದ ಪೇಟೆಯಲ್ಲಿ ಕೊಂಡು ತಂದಿದ್ದ ಹೊಸ ಶಿವದಾರ ಏರಿಸಿ ಕೊರಳಿಗೆ ಹಾಕಿಕೊಂಡು, ರೊಟ್ಟಿಯ ಗಂಟು ಹಿಡಿದು, ಬರ್ತೀನಿ ಎಂದು ಬಾಗಿಲಲ್ಲೇ ಕೂಗಿ ವಿಠ್ಠಲವಾಡಿ ಸ್ಟೇಷನ್ನಿಗೆ ನಡೆದುಬಿಟ್ಟ. ಹೇಳಿ ತರಬಹುದಿತ್ತು. ಆದರೆ ಹೇಳಬೇಕಾದರೆ ಯಾಕೆಂದು ಹೇಳಬೇಕು, ಯಾಕೆಂದು ಹೇಳಬೇಕಾದರೆ ಎಂಟು ತಿಂಗಳ ಹಿಂದಕ್ಕೆ ಹೋಗಬೇಕು. ಚನ್ನುವಿನ ಲಿಂಗ ಜಗಲಿಯ ಮೇಲೆ ಹೇಗೆ ಬಂತೆಂದು ಅವಳು ಕೇಳಿದಾಗ ಅವನು ಪೇಪರಿನಿಂದ ಮುಖ ಎತ್ತದೆ, "ನಿನ್ನ ಮಗ ಬಿಚ್ಚಿಟ್ಟು ಹೋದ. ಕೋಳಿ ತಿನ್ನಾಕ ಅಡ್ಡ ಬರ್ತಿತ್ತಂತ," ಎಂದಿದ್ದ. ಬೀಗರಿಗೂ ಅದನ್ನೇ ಹೇಳಿದ, ಮಗಳು ಕಾಂಚನಾಳಿಗೂ ಅದನ್ನೇ. ಹೇಳುತ್ತ ಹೇಳುತ್ತ ಆ ಮಾತಿಗೆ ಒಂದು ಹೊಳಪು ಬಂದಿತ್ತು, ಮೆಟ್ಟಿಲ ಕಲ್ಲಿಗೆ ಬರುವ ಹಾಗೆ.

ಘಣಸೋಲಿ, ಕೋಪರ್‌ಖೈರಣೆ ದಾಟಿದವು. ಎಂಟು ತಿಂಗಳ ಹಿಂದಿನ ಆ ದಿನ ಅವರದೇ ಕಟ್ಟಡದ ಶಂಭು ಮೆಟ್ಟಿಲಲ್ಲಿ ಅಡ್ಡ ಹಾಕಿ ಫೋನು ತೋರಿಸಿದ್ದ. "ಕಾಕಾ, ನಿಮ್ಮ ಚನ್ನು ಬಡಾ ಖಾನಾದಾಗ ಹೆಂಗ ಹೊಡ್ಯಾಕತ್ತಾನ ನೋಡ್ರಿ." ಪಲ್ಟನ್ನಿನ ಊಟದ ಫೋಟೋ; ಹತ್ತು ಹುಡುಗರ ನಡುವೆ ಚನ್ನು, ಕೈಯಲ್ಲಿ ಕೋಳಿಯ ಕಾಲು, ಬಾಯ್ತುಂಬ ನಗು, ಮೇಲಿನ ಗುಂಡಿ ಬಿಚ್ಚಿದ ಅಂಗಿಯೊಳಗೆ ಶಿವದಾರ ಕಾಣುತ್ತಿತ್ತು. ಶಂಭುವಿನ ನಗೆಯೇ ಹೆಚ್ಚು ಸುಟ್ಟಿತು. ಮೇಲೆ ಬಂದಾಗ ಚನ್ನು ನೆಲದ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ, ಅವನ ಅವ್ವ ಮಗಳ ಬಾಣಂತನಕ್ಕೆಂದು ಉಲ್ಲಾಸನಗರದಲ್ಲಿದ್ದಳು, ಮರುದಿನ ಬೆಳಿಗ್ಗೆ ಅವನು ರಜೆ ಮುಗಿಸಿ ದಿಲ್ಲಿಗೆ, ಅಲ್ಲಿಂದ ಸುಡಾನಿಗೆ ಹೊರಡುವವನಿದ್ದ. ಕೊರಳಾಗ ಲಿಂಗ, ಬಾಯಾಗ ಕೋಳಿ, ನಾಚಿಕಿ ಬರೂದಿಲ್ಲೇನಲೇ ನಿನಗ, ಎಂದು ವೀರಭದ್ರಪ್ಪ ಕೇಳಿದ. ಚನ್ನು, "ಅಪ್ಪಾ, ಅಲ್ಲಿ ಗಡಿ ಮ್ಯಾಲೆ ಹಿಮದಾಗ, ಮೈನಸ್ ಹದಿನೈದರಾಗ ಇದ್ವಿ, ಏನ್ ಕೊಡ್ತಾರ ಅದನ್ನ ತಿನ್ನೂದು," ಎಂದ. ಹಾಗಾದ್ರ ಇದ್ಯಾಕ ಎಂದು ವೀರಭದ್ರಪ್ಪ ಬಗ್ಗಿ ಆ ದಾರಕ್ಕೆ ಕೈ ಹಾಕಿದ. ಎಳೆಯಬೇಕೆಂದು ಹಾಕಿದ ಕೈಯಲ್ಲ. ಹೆದರಿಸಬೇಕೆಂದು. ಕೈಗೆ ಅದು ಗೊತ್ತಿರಲಿಲ್ಲ, ಎಳೆಯಿತು. ದಾರ ಹರಿದು ಕರಡಿಗೆ ತಾಟಿನ ಅಂಚಿಗೆ ಬಡಿದು ಪಲ್ಯದಲ್ಲಿ ಬಿತ್ತು. ಚನ್ನು ಅದನ್ನು ಎತ್ತಿ ತನ್ನ ಬನಿಯನ್ನಿಗೆ ಒರೆಸಿ ಜಗಲಿಯ ಮೇಲಿಟ್ಟ. ವಾಪಸು ಬಂದು ಕೂತು ಉಳಿದ ರೊಟ್ಟಿಯನ್ನು ಪೂರ್ತಿ ತಿಂದ. ಅದೇ ಪಲ್ಯದಲ್ಲಿ. ಆಮೇಲೆ ತಾಟು ತೊಳೆದು ಬೋರಲು ಹಾಕಿದ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಚನ್ನು ಹೊರಟುಹೋಗಿದ್ದ, ಹಾಸಿಗೆ ಮಡಚಿತ್ತು, ಅಂಚಿಗೆ ಅಂಚು ಕೂಡಿಸಿ, ಪಲ್ಟನ್ನಿನಲ್ಲಿ ಮಡಚುವ ಹಾಗೆ.

ಗಾಡಿ ತುರ್ಭೆಯಲ್ಲಿ ನಿಂತಿತು. ಇಪ್ಪತ್ತೆಂಟು ವರ್ಷ ಅವನು ದಿನಾ ಇಳಿಯುವ ಸ್ಟೇಷನ್. ಮಾರ್ಕೆಟ್ಟಿನ ಒಣಮೆಣಸಿನಕಾಯಿ ಮಳಿಗೆಯಲ್ಲಿ ತೂಕದ ಕಾಟಾದ ಮುಂದೆ ನಿಂತು ಚೀಲ ತೂಗಿಸುವುದು ಅವನ ಕೆಲಸ. ಬೆನ್ನ ಹಿಂದೆ ಹಮಾಲರು ಅವನನ್ನು ಕಡ್ಡಿಪೆಟ್ಟಿಗೆ ಅನ್ನುತ್ತಾರೆ, ಅದೂ ಅವನಿಗೆ ಗೊತ್ತು. ಸಿಟ್ಟು ಬಂದಾಗ ಚೀಲಕ್ಕೆ ಒದೆಯುತ್ತಿದ್ದ, ಕಾಟಾಕ್ಕೆ ಒದೆಯುತ್ತಿದ್ದ, ಹದಿನೈದು ನಿಮಿಷಕ್ಕೆ ಆರಿ ಚಹ ತರಿಸಿ ಎಲ್ಲರಿಗೂ ಕುಡಿಸುತ್ತಿದ್ದ. ತನ್ನ ಸಿಟ್ಟು ಅಷ್ಟೇ ಎಂದು ಅವನು ನಂಬಿದ್ದ. ಹದಿನೈದು ದಿನದ ಹಿಂದೆ ಟೀವಿಯ ಕೆಳಗಿನ ಪಟ್ಟಿಯಲ್ಲಿ ಜುಬಾದ ಹೊರಗೆ ಶಾಂತಿಪಡೆಯ ಗಾಡಿಯ ಮೇಲೆ ಗುಂಡು ಹಾರಿದ ಸುದ್ದಿ ಓಡಿತು. ನಮ್ಮವರಲ್ಲ, ಬೇರೆ ಯಾವುದೋ ದೇಶದವರು, ಇಬ್ಬರು. ಮಹಾದೇವಕ್ಕ ಸೆರಗು ಬಾಯಿಗೊತ್ತಿಕೊಂಡು ಕೂತಳು. ಅವನಿಗೆ ಕಂಡದ್ದು ಬೇರೆ. ಸಮಾಧಿಯ ಕುಣಿಯಲ್ಲಿ ಕೂಡಿಸಿದ ಚನ್ನು, ಮೈತುಂಬ ವಿಭೂತಿ, ಎಡಗೈ ಚಾಚಿದೆ, ಅಂಗೈ ಖಾಲಿ. ಮಣ್ಣು ಕೊಡಬೇಕಾದ ಅಯ್ಯನವರು ಲಿಂಗ ಎಲ್ಲಿ ಎಂದು ಕೇಳುತ್ತಿದ್ದಾರೆ, ಸುತ್ತಲಿನ ಮಂದಿ ವೀರಭದ್ರಪ್ಪನ ಕಡೆ ತಿರುಗುತ್ತಿದ್ದಾರೆ. ಆ ರಾತ್ರಿಯಿಂದ ಅವನು ತೂಕದಲ್ಲಿ ತಪ್ಪತೊಡಗಿದ. ಫೋನು ಮಾಡಬಹುದಿತ್ತು. ಚನ್ನು ಅವ್ವನಿಗೆ ವಾರಕ್ಕೊಮ್ಮೆ ಮಾಡುತ್ತಿದ್ದ. ಅವಳು ಫೋನನ್ನು ಇವನ ಕಡೆ ಚಾಚಿದಾಗಲೆಲ್ಲ ಇವನಿಗೆ ಬಚ್ಚಲಿಗೆ ಹೋಗುವುದಿರುತ್ತಿತ್ತು.

ಸಾನಪಾಡಾದ ಕನ್ನಡ ಸಂಘದಿಂದ ನಾಲ್ಕು ಜನ ಜುಬಾಕ್ಕೆ ಹೊರಟಿದ್ದರು. ಅಲ್ಲಿ ವ್ಯಾಪಾರಕ್ಕೆಂದು ಹೋದ ನಮ್ಮವರು ಕರೆಸಿಕೊಂಡಿದ್ದರು. ಅವರ ಹಬ್ಬದ ಜೊತೆಗೆ ಒಂದು ಸಂಜೆ ಭಾರತದ ಪಲ್ಟನ್ನಿನ ಕ್ಯಾಂಪಿನಲ್ಲಿ ದೀಪ ಹಚ್ಚಿ, ಹಾಡು ಹಾಡಿ, ಹುಡುಗರಿಗೆ ಫರಾಳದ ತಿಂಡಿ ಹಂಚಿ ಬರುವುದು. ಮಕ್ಕಳು ಅಲ್ಲಿರುವ ಮನೆಯವರು ಭಾನುವಾರ ಹನ್ನೊಂದಕ್ಕೆ ಬಂದು ಒಂದೊಂದು ಮಾತು ಹೇಳಿ ವಿಡಿಯೋ ಮಾಡಿಸಿಕೊಳ್ಳಲಿ, ಕೊಡುವುದಿದ್ದರೆ ಕೊಡಲಿ ಎಂದು ಸಂದೇಶ ಬಂದಿತ್ತು. ಮಹಾದೇವಕ್ಕ ಕೊಡುವುದೆಂದರೆ ತಿನ್ನುವುದು ಎಂದು ತಿಳಿದಳು. ಮೂರು ದಿನ ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕೂತಳು, ಸಕ್ಕರೆ ಕಾಯಿಲೆಯ ಕಾಲು ಊದಿಸಿಕೊಂಡು.

ಸಂಘದ ಹಾಲ್ ಎರಡನೆಯ ಮಹಡಿಯಲ್ಲಿತ್ತು. ನೆಲದ ತುಂಬ ಖಾಕಿ ಡಬ್ಬಗಳು, ಸೋನ್‌ಪಾಪಡಿ, ಚಿವಡಾ ಪ್ಯಾಕೆಟ್ಟುಗಳು, ಕಾಲುಚೀಲ, ನೋವಿನ ಮುಲಾಮು, ಶಾಲೆಯ ಮಕ್ಕಳು ಬರೆದ ಕಾರ್ಡುಗಳು. ಬಾಗಿಲಲ್ಲಿ ಮೇಜು ಹಾಕಿ ಕೂತಿದ್ದ ಕಾರ್ಯದರ್ಶಿ ಕಶ್ಯಪ, ಬೆಂಗಳೂರಿನಿಂದ ಬಂದು ವಾಶಿಯ ಯಾವುದೋ ಆಫೀಸಿನಲ್ಲಿರುವ ತೆಳ್ಳನೆಯ ಮನುಷ್ಯ, ಗಂಟನ್ನು ಪೆನ್ನಿನ ತುದಿಯಿಂದ ಮುಟ್ಟಿದ.

"ಇದೇನ್ ಸರ್?"

"ರೊಟ್ಟಿ. ಜ್ವಾಳದ್ದು."

"ಮನೇಲಿ ಮಾಡಿದ್ದಾ? ಮನೇದು ತಗೊಳ್ಳೋಕಾಗಲ್ಲ ಸರ್. ಸೀಲ್ ಇರ್ಬೇಕು, ಮೇಲೆ ತಾರೀಕು ಇರ್ಬೇಕು. ಅಲ್ಲಿ ಕ್ಯಾಂಪ್ ಗೇಟಲ್ಲೇ ಎಸೀತಾರೆ."

"ತಾರೀಕ ನಾ ಹೇಳ್ತೀನಿ ಬರಕೋರಿ. ನಿನ್ನೆ, ಮೊನ್ನೆ, ಅದರ ಹಿಂದಿನ ದಿನ. ಆರು ತಿಂಗಳಿಟ್ರೂ ಕೆಡೂದಿಲ್ಲ ಇದು. ನಿಮ್ಮ ಆ ಚಿವಡಾ ಯಾವ ಎಣ್ಣಿಯೊಳಗ ಕರದದ್ದಂತ ಗೊತ್ತೈತೇನು ನಿಮಗ?"

"ಸರ್, ರೂಲ್ ನಾನು ಮಾಡಿದ್ದಲ್ಲ."

"ರೂಲ್ ಯಾವತ್ತೂ ಯಾರೂ ಮಾಡಿರೂದಿಲ್ಲ ಬಿಡ್ರಿ," ಎಂದ ವೀರಭದ್ರಪ್ಪ. ದನಿ ಏರಿತ್ತು. ಇಬ್ಬರು ಮೂವರು ತಿರುಗಿ ನೋಡಿದರು. ತಾನು ಇಲ್ಲಿಗೆ ಒಂದು ದೊಡ್ಡ ಉಪಕಾರ ಬೇಡಲು ಬಂದವನೆಂದು ನೆನಪಾಗಿ ಅವನು ನಾಲಿಗೆ ಹಿಡಿದ. ಎದೆಯ ಮೇಲೆ ಕೈ ಇಟ್ಟುಕೊಂಡ. ಸಂಘದ ಅಧ್ಯಕ್ಷ ವಸಂತಕುಮಾರ ಶೆಟ್ಟಿಯ ಹೆಂಡತಿ ಹರಿಣಾಕ್ಷಿ ನಡುವೆ ಬಂದು ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ನೀವು ಕೂತ್ಕೊಳ್ಳಿ ಅಣ್ಣ. ಅಷ್ಟು ದೂರದಿಂದ ತಂದದ್ದು, ವಾಪಸ್ ಹೊತ್ಕೊಂಡು ಹೋಗುವುದುಂಟಾ," ಎಂದು ಒಳಗೆ ಒಯ್ದಳು. ಅವಳು ಏನಾದರೂ ಉಪಾಯ ಮಾಡಿ ಡಬ್ಬದ ತಳದಲ್ಲಿ ಇಡುತ್ತಾಳೆಂದು ಅವನು ತಿಳಿದ. ಅದಕ್ಕೇ ತುಸು ತಂಪಾದ.

ಅವನ ಸರದಿ ಬಂದಾಗ ಗೋಡೆಗೆ ಚೆಂಡುಹೂವಿನ ಮಾಲೆ ಹಾಕಿದ ಕಡೆ ನಿಲ್ಲಿಸಿದರು. ಶೆಟ್ಟರ ಮಗಳು ದಿಶಾ ಮೂರು ಕಾಲಿನ ಕೋಲಿಗೆ ಫೋನು ಸಿಕ್ಕಿಸಿ, "ಅಂಕಲ್, ಬೇಟೇ ಕಾ ನಾಮ್ ಲೇಕೇ ಕುಛ್ ಅಚ್ಛಾ ಬೋಲೋ. ಕನ್ನಡದಲ್ಲಿ ಚಲೇಗಾ," ಎಂದು ಮಗನಿಗೆ ಒಂದು ಒಳ್ಳೆಯ ಮಾತು ಹೇಳಲು ಹೇಳಿದಳು. ಅವನು ಫೋನಿನ ಆ ಕಪ್ಪು ಕಣ್ಣನ್ನು ನೋಡಿದ. ಚನ್ನು, ಎಂದ. ಮುಂದೆ ಬಾಯಿಗೆ ಬಂದದ್ದು ಊಟ ಆತೇನೋ ಎಂಬುದು. ಹುಡುಗ ಸೈನ್ಯ ಸೇರಿದಂದಿನಿಂದ ಆ ಜಗಳದ ತನಕ ಪ್ರತಿ ಫೋನಿನಲ್ಲೂ ಅವನು ಮೊದಲು ಕೇಳುತ್ತಿದ್ದದ್ದು ಅದೊಂದನ್ನೇ, ಬೇರೆ ಏನು ಕೇಳಬೇಕೆಂದು ಅವನಿಗೆ ಎಂದೂ ತಿಳಿದಿರಲಿಲ್ಲ. ಊಟದ ಮೇಲೇ ಸಿಟ್ಟಾದವನು ಈಗ ಅದನ್ನು ಕೇಳುವ ಹಾಗಿರಲಿಲ್ಲ. ಅದರ ಹಿಂದೆ ಬೇರೆ ಮಾತೇ ಇರಲಿಲ್ಲ. ದಿಶಾ ಬೆರಳಿಂದ ತುಟಿಯ ಎರಡು ತುದಿ ಎಳೆದು ತೋರಿಸಿ ನಗಿ ಎಂದು ಸನ್ನೆ ಮಾಡಿದಳು. ಅವನು ಹಲ್ಲು ಬಿಟ್ಟ. ಆಮೇಲೆ ಮಾಡ್ತೀನಿ ಎಂದು ಪಕ್ಕಕ್ಕೆ ಸರಿದಾಗ ಬನಿಯನ್ನು ಒದ್ದೆಯಾಗಿತ್ತು, ಕರಡಿಗೆಗಳು ಮೈಗೆ ಅಂಟಿದ್ದವು.

ಒಳಕೋಣೆಯ ಬಾಗಿಲಲ್ಲಿ ಅವನು ನಿಂತುಬಿಟ್ಟ. ಉದ್ದನೆಯ ಮೇಜಿನ ಮೇಲೆ ಅವನ ಧೋತರದ ತುಂಡು ಬಿಚ್ಚಿ ಹರಡಿತ್ತು. ಸುತ್ತಲೂ ಕಮಿಟಿಯ ಹತ್ತು ಹನ್ನೆರಡು ಜನ ಚಹಾದ ಕಪ್ಪು ಹಿಡಿದು ರೊಟ್ಟಿ ಮುರಿದು ತಿನ್ನುತ್ತಿದ್ದರು. ಕಟಕ್ ಕಟಕ್ ಎಂದು ಆ ಕೋಣೆಯೇ ಅಗಿಯುತ್ತಿದ್ದಂತೆ ಕೇಳಿಸಿತು. ಹರಿಣಾಕ್ಷಿ ಬಟ್ಟಲಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದಳು.

"ಎಷ್ಟು ತೆಳ್ಳಗೆ ಮಾಡಿದ್ದಾರೆ ಮಾರಾಯ್ರೆ ನಿಮ್ಮ ಹೆಂಡತಿ. ನಾನು ಹಪ್ಪಳ ಅಂತ ಗ್ರಹಿಸಿದೆ. ತಗೊಳ್ಳಿ ಅಣ್ಣ, ನೀವೂ ಒಂದು ತಗೊಳ್ಳಿ."

ಚನ್ನುವಿನ ರೊಟ್ಟಿ. ಮಹಾದೇವಕ್ಕ ಒಂದೊಂದನ್ನೂ ತಟ್ಟುವಾಗ ಗುನುಗುತ್ತಿದ್ದುದು ಅವನಿಗೆ ಹಾಸಿಗೆಯಲ್ಲಿ ಕೇಳಿಸುತ್ತಿತ್ತು. ಮೇಜನ್ನು ಕವಚಿ ಹಾಕಬೇಕೆನಿಸಿತು. ಕೈ ಅಂಚಿನ ತನಕ ಹೋಯಿತು ಕೂಡ. ಆ ಕೈಯನ್ನು ಅವನು ನೋಡಿದ. ಅದೇ ಕೈ. ಅದು ಮುಂದೆ ಹೋಗಿ ಒಂದು ರೊಟ್ಟಿ ಎತ್ತಿಕೊಂಡಿತು. ಎಲ್ಲರೂ ಚೆನ್ನಾಗಿದೆ, ಭಾರಿ ಚೆನ್ನಾಗಿದೆ ಎನ್ನುತ್ತಿರುವಾಗ ಅವನೂ ನಿಂತು ಮಗನ ರೊಟ್ಟಿಯನ್ನು ಅಗಿದ. ನುಂಗಿದ. ಹೊತ್ತು ಹನ್ನೆರಡೂವರೆ ಆಗಿತ್ತು, ಎರಡಕ್ಕೆ ವಿಮಾನ ನಿಲ್ದಾಣದ ಗಾಡಿ ಬರುವುದಿತ್ತು.

ವಸಂತಕುಮಾರ ಶೆಟ್ಟಿಯನ್ನು ಅವನು ಮೆಟ್ಟಿಲ ತಿರುವಿಗೆ ಕರೆದೊಯ್ದ. ಜುಬಾಕ್ಕೆ ಹೊರಟ ನಾಲ್ವರಲ್ಲಿ ಒಬ್ಬನಾದ ಶೆಟ್ಟಿ ತುರ್ಭೆ ನಾಕಾದಲ್ಲಿ ಹೋಟೆಲು ಇಟ್ಟವನು, ಅರವತ್ತರ ಹತ್ತಿರ, ಹೊಟ್ಟೆಯ ಮೇಲೆ ಕೈ ಕಟ್ಟಿ ಕೇಳುವ ಅಭ್ಯಾಸದವನು. ಮಾರ್ಕೆಟ್ಟಿನವರೆಲ್ಲ ಅವನಲ್ಲಿ ಉಪ್ಪಿಟ್ಟು ತಿಂದವರೇ. ವೀರಭದ್ರಪ್ಪ ಮೇಲಿನ ಗುಂಡಿ ಬಿಚ್ಚಿ ಹೊಸ ದಾರದ ಕರಡಿಗೆಯನ್ನು ಹೊರಗೆ ತೆಗೆದ.

"ಶೆಟ್ರ, ಇದು ನನ್ನ ಮಗನ ಲಿಂಗ. ಇದನ್ನ ಅವನಿಗೆ ಮುಟ್ಟಿಸಬೇಕು."

"ಅದಕ್ಕೇನು, ಕೊಡಿ. ನನ್ನ ಸೂಟ್‌ಕೇಸಲ್ಲಿ ಇಡ್ತೇನೆ."

"ಸೂಟ್‌ಕೇಸಿನ್ಯಾಗ ಅಲ್ರಿ. ಇದು ಮೈಮ್ಯಾಲೆ ಇರಬೇಕು. ನೀವು ಕೊರಳಾಗ ಹಾಕ್ಕೊಂಡು ಹೋಗಬೇಕು."

ಶೆಟ್ಟಿ ಒಂದು ಮೆಟ್ಟಿಲು ಕೆಳಗಿಳಿದ. "ನಾನು ಮೀನು ತಿನ್ನುವವ ಮಾರಾಯ್ರೆ. ನಿನ್ನೆ ರಾತ್ರಿ ಬಂಗುಡೆ ತಿಂದಿದ್ದೇನೆ. ನಿಮ್ಮ ದೇವರನ್ನು ನನ್ನ ಕುತ್ತಿಗೆಗೆ ಹಾಕುದಾ?"

"ನಡೀತೈತಿ."

"ನಡೀತದಾ?"

"ನಡೀತೈತಿ ಅಂದ್ನೆಲ್ಲ. ನಾ ಬೇಡ್ಕೊಳ್ಳಾಕತ್ತೀನಿ." ಅವನ ದನಿ ಬೇಡುವ ದನಿಯಾಗಿರಲಿಲ್ಲ, ಜಗಳದ್ದಾಗಿತ್ತು. ಅವನಲ್ಲಿ ಇದ್ದದ್ದು ಅದೊಂದೇ.

ಶೆಟ್ಟಿ ಬಗ್ಗಿ ಆ ಬೆಳ್ಳಿಯ ಕರಡಿಗೆಯನ್ನು ನೋಡಿದ. "ಹಾಕ್ಕೊಳ್ತೇನೆ ಅಂತಲೇ ಇಟ್ಕೊಳ್ಳಿ. ಹುಡುಗನ ಕೈಗೆ ಕೊಡುವಾಗ, ಇದು ಯಾರು ಕಳಿಸಿದ್ದು ಅಂತ ಅವ ಕೇಳಿದರೆ ಎಂತ ಹೇಳುದು?"

ಇದನ್ನು ವೀರಭದ್ರಪ್ಪ ಯೋಚಿಸಿರಲಿಲ್ಲ. ಹದಿನೈದು ದಿನ ಅವನು ಲಿಂಗ ಅಲ್ಲಿಗೆ ಹೋಗಿ ಮುಟ್ಟುವುದನ್ನು ಮಾತ್ರ ಕಂಡಿದ್ದ. ಅದು ತಾನಾಗಿ ಹೋಗಿ ಕೂಡುತ್ತದೆ ಎಂಬಂತೆ, ನಡುವೆ ಯಾವ ಬಾಯಿಯೂ ಇಲ್ಲ ಎಂಬಂತೆ. "ಅವರವ್ವ ಕಳಿಸ್ಯಾಳಂತ ಹೇಳ್ರಿ," ಎಂದ.

"ಹಾಗಾದರೆ ಅವರ ಬಾಯಿಂದ ಒಂದು ಮಾತು ಕೇಳ್ತೇನೆ. ಬೇಜಾರು ಮಾಡ್ಬೇಡಿ. ದೇವರ ವಿಷಯ. ಇಲ್ಲದ ಹೆಸರು ಹೇಳಿ ಕೊಟ್ಟರೆ ನನಗೆ ನಿದ್ದೆ ಬರುದಿಲ್ಲ. ಫೋನು ಹಚ್ಚಿ."

ಬೇರೆ ದಾರಿ ಇರಲಿಲ್ಲ. ಫೋನಿನಲ್ಲಿ ಈಗ ಹನ್ನೊಂದು ಕರೆಗಳಿದ್ದವು. ಅವನು ಹಚ್ಚಿದ. ಶೆಟ್ಟಿ ಕೈ ಚಾಚಿ ಸ್ಪೀಕರ್ ಒತ್ತಿದ. ಮಹಾದೇವಕ್ಕ ಒಂದೇ ರಿಂಗಿಗೆ ಎತ್ತಿದಳು.

"ಏನ್ರಿ, ಚನ್ನೂನ ಲಿಂಗ ಕಾಣವಲ್ತರಿ. ಜಗಲಿ ಎಲ್ಲ ತಗದು ನೋಡಿದೆ. ಬಚ್ಚಲದ ನಾಲಿ ಬಿಚ್ಚಿಸಿದೆ. ಇಲಿ ಒಯ್ತೋ ಏನೋ ಅಂತ ಟ್ರಂಕ್ ಎಲ್ಲ ಸರಿಸೀನಿ. ನಿಮಗ ಹಚ್ಚಿ ಹಚ್ಚಿ ಸಾಕಾತು." ದನಿ ತೀರ ಸಣ್ಣದಾಗಿತ್ತು, ಬಾಯಿ ಒಣಗಿದವರ ದನಿ.

"ನೀ ಏನರ ತಿಂದ್ಯೇನು?"

"ಲಿಂಗ ಕಳದೈತಿ, ತಿಂತಾರೇನ್ರಿ? ನೀರೂ ಮುಟ್ಟಿಲ್ಲ."

ಬೆಳಿಗ್ಗೆ ಏಳಕ್ಕೆ ಗುಳಿಗೆ ನುಂಗಿ ಎಂಟಕ್ಕೆ ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಗುಳಿಗೆಯನ್ನು ಅವಳು ಏಳಕ್ಕೇ ನುಂಗಿದ್ದಳು. ಈಗ ಮಧ್ಯಾಹ್ನ. ಅವನು ಗೋಡೆಗೆ ಒರಗಿದ. ಇದು ಅವನ ತಲೆಗೆ ಬರಬೇಕಿತ್ತು. ಲಿಂಗ ಕಳೆದರೆ ಸಿಗುವ ತನಕ ಬಾಯಿಗೆ ಹನಿ ಹಾಕಬಾರದು ಎಂದು ಅವಳಿಗೂ ಅವನಿಗೂ ತೊಟ್ಟಿಲಿನಿಂದ ಗೊತ್ತಿದ್ದ ಮಾತು. ಅವನು ತನ್ನ ಮರ್ಯಾದೆಯ ಸುತ್ತ ತಿರುಗುತ್ತ ಅದನ್ನು ಮರೆತಿದ್ದ.

"ನನ್ನ ಕಡೆ ಐತಿ," ಎಂದ. "ನಾ ತಂದೀನಿ. ಚನ್ನೂಗ ಕಳಸಾಕ."

ಶೆಟ್ಟಿ ಮೆಟ್ಟಿಲ ಕಟಕಟೆಯನ್ನು ನೋಡುತ್ತಿದ್ದ. ಆಮೇಲೆ ಅವಳು ನಿಧಾನವಾಗಿ ಮಾತಾಡಿದಳು, ಸಿಟ್ಟಿಲ್ಲದೆ, ಕಾಳು ಆರಿಸುವ ಹಾಗೆ. "ಅವ ಬಿಚ್ಚಿಟ್ಟು ಹೋದ ಅಂತ ನೀವು ಅಂದ್ರಿ. ಅವನ್ನ ಕೇಳಿದ್ರ, ಸುಡಾನದಾಗ ಕಳದ್ರ ಅಂತ ನಾನ ಇಟ್ಟು ಬಂದೀನವ್ವಾ, ನೀ ಪೂಜಿ ಮಾಡು, ಅಪ್ಪಗ ಏನೂ ಅನಬ್ಯಾಡ ಅಂದ. ನಿಮ್ಮದೊಂದು, ಅವನದೊಂದು. ನಾ ಹಳೀ ದಾರ ನೋಡೀನಿ. ಬಿಚ್ಚಿದ ದಾರಕ್ಕ ಗಂಟು ಇರೂದಿಲ್ಲರಿ. ಇದರಾಗ ಗಂಟು ಹಂಗ ಐತಿ, ಮಗ್ಗಲಕ್ಕ ಹರದೈತಿ. ಎಂಟು ತಿಂಗಳಾತು, ನೀವ ಹೇಳ್ತೀರೇನೋ ಅಂತ ಸುಮ್ನ ಅದೀನಿ."

"ಈಗ ಅದೆಲ್ಲ ಯಾಕ. ಇವರು ಶೆಟ್ರು, ಒಯ್ಯಾಕ ಒಪ್ಯಾರ. ನೀ ಕಳಿಸಿದ್ದು ಅಂತ—"

"ನನ್ನ ಹೆಸರು ಹೇಳಬ್ಯಾಡ್ರಿ. ನಾ ಕಳಿಸಿಲ್ಲ. ಹರದವರು ಕಳಿಸಲಿ, ಹರದೀನಿ ಅಂತ ಹೇಳಿ ಕಳಿಸಲಿ. ನೀವು ಹೇಳಿದ ಮ್ಯಾಲೆ ಫೋನ್ ಮಾಡ್ರಿ. ಆಮ್ಯಾಲೆ ನೀರು ಕುಡೀತೀನಿ."

"ಹುಚ್ಚಿ ಅದಿ ಏನು? ಲಿಂಗ ಸಿಕ್ಕೈತಿ. ಈಗ ಕುಡಿ. ಶುಗರ್ ಇಳದು ಬಿದ್ದೀ."

ಫೋನು ಕಟ್ಟಾಗಿತ್ತು.

ಶೆಟ್ಟಿ ಗಂಟಲು ಸರಿಮಾಡಿಕೊಂಡ. "ಕೋಳಿ ವಿಷಯವಾ?" ಎಂದು ಕೇಳಿದ. ವೀರಭದ್ರಪ್ಪ ತಲೆ ಎತ್ತಿದ. "ನಿಮ್ಮ ಬಾಯಿಂದಲೇ ಕೇಳಿದ್ದು. ನನ್ನ ಹೋಟೆಲಿನ ಗಲ್ಲಾಪೆಟ್ಟಿಗೆ ಹತ್ತಿರ ಕೂತು ಇಡೀ ಮಾರ್ಕೆಟ್ಟಿಗೆ ಹೇಳಿದ್ದೀರಲ್ಲ, ಮಗ ಲಿಂಗ ಬಿಚ್ಚಿಟ್ಟ ಅಂತ." ಸ್ವಲ್ಪ ತಡೆದು ಹೇಳಿದ: "ಕೋಳಿ ತಿಂದವನ ಕುತ್ತಿಗೆಯಿಂದ ಕಿತ್ತು ಮೀನು ತಿನ್ನುವವನ ಕುತ್ತಿಗೆಗೆ ಹಾಕ್ತಾ ಇದ್ದೀರಿ. ನಿಮ್ಮ ನ್ಯಾಯ ನನಗೆ ಗೊತ್ತಾಗ್ಲಿಲ್ಲ. ಆದರೂ ಕೊಡಿ. ವಾಪಸ್ ಬರುವ ತನಕ ಮೀನು ಬಿಡ್ತೇನೆ. ಒಂಬತ್ತು ದಿನ ಅಲ್ವಾ, ಸಾಯುದಿಲ್ಲ ನಾನು." ಅವನು ಚಪ್ಪಲಿ ಬಿಟ್ಟು ತಲೆ ಬಗ್ಗಿಸಿ ನಿಂತ. ಅವನ ಬೋಳು ನೆತ್ತಿಯ ಮೇಲೆ ಬೆವರಿತ್ತು. ದಾರವನ್ನು ಆ ನೆತ್ತಿ ದಾಟಿಸಿ ವೀರಭದ್ರಪ್ಪ ಕೊರಳಿಗೆ ಇಳಿಬಿಟ್ಟ. ಕೇಳದೆಯೇ ಮೀನು ಬಿಟ್ಟ ಮನುಷ್ಯ. ಇಷ್ಟೇ ಸುಲಭಕ್ಕೆ ಆಗುವಂಥದ್ದಕ್ಕೆ ತಾನು ಮನೆಯೊಳಗೆ ಏನು ಮಾಡಿಟ್ಟೆ.

ಅವನು ವಾಪಸು ಹಾಲ್‌ಗೆ ಹೋಗಿ ಚೆಂಡುಹೂವಿನ ಗೋಡೆಯ ಮುಂದೆ ನಿಂತ. ಡಬ್ಬಗಳಿಗೆ ಟೇಪು ಸುತ್ತುತ್ತಿದ್ದರು, ಇನ್ನೂ ಕೆಲವರ ಕೈಯಲ್ಲಿ ರೊಟ್ಟಿಯ ಚೂರುಗಳಿದ್ದವು. "ನಂದು ತಗೊಳವಾ," ಎಂದ ದಿಶಾಳಿಗೆ. ಅವಳು ಸನ್ನೆ ಮಾಡಿದಳು.

"ಚನ್ನು, ಆ ದಾರ ನಾನ ಹರದೆ."

"ಅಂಕಲ್, ನೀಚೆ ಮತ್ ದೇಖೋ ನಾ. ಇಧರ್, ಕ್ಯಾಮೆರಾ ಮೇ. ಫಿರ್ ಸೇ."

ಅವನು ಮುಖ ಎತ್ತಿದ. "ಚನ್ನು, ಆ ದಾರ ನಾನ ಹರದೆ. ನೀ ಬಿಚ್ಚಿಲ್ಲ." ಕೆಳಗೆ ರಸ್ತೆಯಲ್ಲಿ ನೀರಿನ ಟ್ಯಾಂಕರು ಹಿಂದಕ್ಕೆ ಸರಿಯುತ್ತ ಕೀಂ ಕೀಂ ಎನ್ನತೊಡಗಿತು, ದಿಶಾ ಕಣ್ಣು ಮುಚ್ಚಿ ಕೈ ಅಡ್ಡ ಹಿಡಿದಳು. ಎಲ್ಲರೂ ಟ್ಯಾಂಕರು ನಿಲ್ಲುವುದಕ್ಕೆ ಕಾದರು. ಅವನೂ ಕಾದ. ವಿಠ್ಠಲವಾಡಿಯಲ್ಲಿ ಟ್ರಂಕುಗಳ ನಡುವೆ ನೆಲದ ಮೇಲೆ ಕೂತಿರುವ ಅವಳೂ ಕಾಯುತ್ತಿದ್ದಳು. "ಓಕೆ ಅಂಕಲ್. ಥೋಡಾ ಜೋರ್ ಸೇ. ಔರ್ ಲಾಸ್ಟ್ ಮೇ ಹ್ಯಾಪಿ ದಿವಾಲಿ ಬೋಲನಾ, ಸಬ್ ಬೋಲ್ ರಹೇ ಹೈಂ."

ಮೂರನೆಯ ಸಲ ಅವನು ಜೋರಾಗಿ ಹೇಳಿದ. ಕಾಟಾದ ಮುಂದೆ ನಿಂತು ತೂಕ ಕೂಗುವ ದನಿ ಅದು, ಬೇರೆ ದನಿ ಅವನಿಗೆ ಬರುತ್ತಿರಲಿಲ್ಲ. "ಚನ್ನು, ಉಣ್ಣಾಕ ಕೂತವನ ಕೊರಳಿಗೆ ಕೈ ಹಾಕಿ ನಾನ ದಾರ ಹರದೆ. ನೀ ಒಂದು ಮಾತೂ ಆಡಲಿಲ್ಲ. ನಿಮ್ಮವ್ವಗ, ಅಕ್ಕಗ, ಮಾರ್ಕೆಟ್‌ನ್ಯಾಗ ಎಲ್ಲರಿಗೂ ನೀ ಬಿಚ್ಚಿಟ್ಟಿ ಅಂತ ಹೇಳ್ಕೋತ ಬಂದೆ. ಸುಳ್ಳು. ಏನ್ ಕೊಡ್ತಾರ ಅದನ್ನ ಉಣ್ಣು. ಇದನ್ನ ಕೊರಳಾಗ ಹಾಕ್ಕೋ." ಟೇಪಿನ ಸದ್ದು ನಿಂತಿತ್ತು. ಯಾರೋ ಅಗಿಯುವುದನ್ನು ಅರ್ಧಕ್ಕೆ ಬಿಟ್ಟಿದ್ದರು. ದಿಶಾ ತುಟಿಯಲ್ಲೇ ನೆನಪು ಮಾಡಿದಳು. "ಹ್ಯಾಪಿ ದಿವಾಲಿ," ಎಂದ.

ಕಶ್ಯಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸರ್, ಇದನ್ನ ಅಲ್ಲಿ ದೊಡ್ಡ ಸ್ಕ್ರೀನ್ ಮೇಲೆ ಹಾಕ್ತಾರೆ. ಎಲ್ಲಾ ಜವಾನರು ಕೂತಿರ್ತಾರೆ. ನಮ್ಮ ಭಾಷೆಯವರು ಇರ್ತಾರೆ," ಎಂದ.

"ಹಾಕ್ರಿ. ನಾ ಮಂದಿ ಮುಂದ ಅವನ ಮಾನ ತಗದೀನಿ. ನಂದೂ ಮಂದಿ ಮುಂದ ಹೋಗಲಿ."

"ನಿಮ್ದಲ್ಲ ಸರ್, ಹೋಗೋದು ಆ ಹುಡುಗನ್ದು."

ಕ್ಷಮೆ ಕೇಳುವಾಗಲೂ ತಾನು ಮಗನ ಕೊರಳಿಗೇ ಕೈ ಹಾಕುತ್ತಿದ್ದೆನೆಂದು ಹೊಳೆದು ವೀರಭದ್ರಪ್ಪ ಮೇಜಿನ ಅಂಚನ್ನು ಹಿಡಿದುಕೊಂಡ. ಶೆಟ್ಟಿ ದಿಶಾಳಿಗೆ ಅದನ್ನು ತನ್ನ ಫೋನಿಗೆ ಮಾತ್ರ ಕಳಿಸು, ಬೇರೆ ಎಲ್ಲಿಂದಲೂ ಅಳಿಸು ಎಂದ. ಹುಡುಗ ಒಬ್ಬನೇ ಇದ್ದಾಗ ತೋರಿಸ್ತೇನೆ, ಎಂದ. ಒಳಗಿನ ಕರಡಿಗೆಯಿಂದ ಅವನ ಅಂಗಿ ಉಬ್ಬಿ ಕಾಣುತ್ತಿತ್ತು, ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದೇ ಅವನು ಡಬ್ಬ ಇಳಿಸಲು ಹೋದ.

ಗಾಡಿ ಹೋದ ಮೇಲೆ ರಸ್ತೆಯ ಪಕ್ಕದಲ್ಲಿ ನಿಂತು ವೀರಭದ್ರಪ್ಪ ಫೋನು ಹಚ್ಚಿದ. ಅದು ಬಹಳ ಹೊತ್ತು ಹೊಡೆದುಕೊಂಡಿತು. ಒಮ್ಮೆ ಪೂರ್ತಿ ಹೊಡೆದು ನಿಂತಿತು. ಅವನು ಮತ್ತೆ ಹಚ್ಚಿದ. ಎತ್ತಿದಳು.

"ಹೇಳಿದೆ," ಎಂದ. "ಎಲ್ಲರ ಮುಂದ ಹೇಳಿದೆ. ಶೆಟ್ರು ಒಯ್ದರು. ಈಗ ಏಳು, ನೀರು ಕುಡಿ. ಸಕ್ಕರಿ ಹಾಕ್ಕೊಂಡು ಕುಡಿ."

"ಏನ್ ಹೇಳಿದ್ರಿ?"

"ಹೇಳಿದೆ ಅಂದ್ನೆಲ್ಲ."

"ಅವಗ ಹೇಳಿದ್ರಿ. ನನಗ ಏನ್ ಹೇಳ್ತೀರಿ?"

ಬಿಸಿಲು ಡಾಂಬರಿನಿಂದ ಮುಖಕ್ಕೆ ಏಳುತ್ತಿತ್ತು. ಒಂದು ಹುಡುಗಿಯ ಫೋನಿಗೆ, ಹತ್ತು ಹನ್ನೆರಡು ಅಪರಿಚಿತರ ಕಿವಿಗೆ ಮೂರು ಸಲ ಹೇಳಿ ಮುಗಿಸಿದ ಮಾತು ಅದು. ಮೂವತ್ತು ವರ್ಷ ಅವಳಿಗೆ ಅವನು ಏಳು, ಹಾಕು, ತಾ, ಸುಮ್ನಿರು ಎಂದದ್ದು ಬಿಟ್ಟು ಬೇರೆ ಏನೂ ನೆನಪಿಗೆ ಬರಲಿಲ್ಲ. ಬೈದರೆ ಕುಡಿದಾಳೇನೋ. ಫೋನು ಇಟ್ಟು ಲೋಕಲ್ ಹಿಡಿದರೆ ಒಂದೂವರೆ ತಾಸು. ಅಷ್ಟರಲ್ಲಿ ಏನಾದರೂ ಆದರೆ. ಅವಳ ಉಸಿರು ಕೇಳಿಸುತ್ತಿತ್ತು, ಗಿಡ್ಡಗೆ, ನಡುನಡುವೆ ತಪ್ಪುತ್ತ. ಅವಳು ಕಟ್ ಮಾಡಿರಲಿಲ್ಲ.

"ನೀ ಕಾಂಚನಾನ ಮನಿಗೆ ಹೋಗಿದ್ದಿ," ಎಂದ. "ಚನ್ನು ಹೊರಡೂ ಹಿಂದಿನ ದಿನ, ಅವತ್ತು ಮಂಗಳವಾರ."

"ಬುಧವಾರ," ಎಂದಳು.

"ಬುಧವಾರ," ಎಂದ ವೀರಭದ್ರಪ್ಪ, ಮತ್ತು ಅಂಗಡಿಯೊಂದರ ಮುಚ್ಚಿದ ಷಟರಿನ ಮುಂದೆ, ಹೋಗುವವರು ನೋಡುತ್ತಿದ್ದಂತೆ, ನೆಲದ ಮೇಲೆ ಕೂತ.